ಎತ್ತಿದ ಕೈ

ಫುಟ್‌ಬಾಲ್ ನೋಡುವಾಗ ಕಣ್ಣು ಚೆಂಡಿನ ಹಿಂದೆ ಓಡುವುದು ಸಹಜ. ಫ್ರಾಂಕೊ ಬರೇಸಿಯ ಆಟ ನೋಡಬೇಕಾದರೆ ಮಾತ್ರ ಆ ಅಭ್ಯಾಸ ಬಿಡಬೇಕು. ಚೆಂಡು ಎದುರಾಳಿ ಮಿಡ್‌ಫೀಲ್ಡರನ ಕಾಲಲ್ಲಿದೆ, ಯಾರಿಗೆ ಕೊಡಲಿ ಎಂದು ಅವನು ತಲೆ ಎತ್ತುತ್ತಿದ್ದಾನೆ ಅಂದುಕೊಳ್ಳಿ. ಆ ಹೊತ್ತಿಗೆ ಮಿಲಾನ್ ತಂಡದ ಆರನೇ ನಂಬರಿನವನು ಎಲ್ಲಿ ನಿಂತಿದ್ದಾನೆ, ಮೈಭಾರ ಯಾವ ಕಾಲಿನ ಮೇಲೆ ಹಾಕಿದ್ದಾನೆ, ಕತ್ತು ಯಾವ ಕಡೆ ತಿರುಗಿಸಿದ್ದಾನೆ, ಅದನ್ನು ನೋಡಿ. ಪಾಸ್ ಹೊರಡುವುದಕ್ಕೆ ಅರೆಕ್ಷಣ ಮೊದಲು ಅವನು ಎರಡು ಹೆಜ್ಜೆ ಮುಂದೆ ಬರುತ್ತಾನೆ. ಅವನ ಎಡಬಲದ ಮೂವರೂ ಅದೇ ಎರಡು ಹೆಜ್ಜೆ ಇಡುತ್ತಾರೆ. ಅವನ ಕೈ ಮೇಲೇಳುತ್ತದೆ. ಚಡ್ಡಿಯಿಂದ ಹೊರಬಂದ ಅಂಗಿಯ ಅಂಚು ಗಾಳಿಗೆ ಹಾರುತ್ತಿರುತ್ತದೆ. ಸ್ಟ್ರೈಕರ್ ಚೆಂಡು ಹಿಡಿದು ಗೋಲಿನತ್ತ ನುಗ್ಗುತ್ತಾನೆ ನಿಜ, ಆದರೆ ಆಫ್‌ಸೈಡ್ ಎಂದು ಲೈನ್ಸ್‌ಮನ್‌ನ ಬಾವುಟ ಆಗಲೇ ಮೇಲೆದ್ದಿದೆ. ಮೈಗೆ ಮೈ ತಾಗಲಿಲ್ಲ, ಯಾರೂ ನೆಲಕ್ಕೆ ಬೀಳಲಿಲ್ಲ, ದಾಳಿ ಮುಗಿಯಿತು.

ಇಟಲಿ ಹುಟ್ಟುಹಾಕಿದ ಡಿಫೆಂಡರ್‌ಗಳ ಸಾಲು ದೊಡ್ಡದು. ಮಿಲಾನ್ ಪರ 902 ಪಂದ್ಯ ಆಡಿದ ಪಾವ್ಲೊ ಮಾಲ್ಡಿನಿಯ ಆಟದಲ್ಲಿ ಚೆಲುವು ಹೆಚ್ಚು. ಯುವೆಂಟಸ್‌ನ ಗಯೆಟಾನೊ ಶಿರೆಯಾನಂಥ ಸಭ್ಯ ಆಟಗಾರ ಇನ್ನೊಬ್ಬನಿಲ್ಲ. ಇಡೀ ವೃತ್ತಿಜೀವನದಲ್ಲಿ ಒಂದು ಸಲವೂ ರೆಫರಿ ಅವನನ್ನು ಮೈದಾನದಿಂದ ಹೊರಗೆ ಕಳಿಸಲಿಲ್ಲ. ಆದರೂ ನನ್ನನ್ನು ಕೇಳಿದರೆ ಬರೇಸಿಗೇ ಮೊದಲ ಸ್ಥಾನ. ಅವರಿಬ್ಬರೂ ತಮ್ಮ ಜಾಗವನ್ನು ಅದ್ಭುತವಾಗಿ ಕಾದರು. ಬರೇಸಿ ತನ್ನ ಜೊತೆಗಿದ್ದ ಮೂವರ ಜಾಗವನ್ನೂ ಯೋಚಿಸಿ ಆಡಿದ, ತಾನೊಬ್ಬ ಇಟ್ಟ ಹೆಜ್ಜೆಯಿಂದ ಹನ್ನೊಂದು ಜನರ ತಂಡವನ್ನೇ ಹಿಂದೆ ಮುಂದೆ ಸರಿಸಿದ.

ಅವನು ಹುಟ್ಟಿದ್ದು 1960ರ ಮೇ 8ರಂದು, ಉತ್ತರ ಇಟಲಿಯ ಬ್ರೆಷಾ ನಗರಕ್ಕೆ ಹತ್ತಿರದ ಟ್ರವಲಿಯಾಟೊದಲ್ಲಿ. ಬೇಸಾಯದ ಮನೆತನ. ಚರ್ಚಿನ ಅಂಗಳದ ಮೈದಾನದಲ್ಲಿ ಅಣ್ಣ ಜುಸೆಪ್ಪೆಯ ಜೊತೆ ಆಡಿ ಬೆಳೆದ. ಹದಿಹರೆಯದಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ. ಅಣ್ಣನನ್ನು ಇಂಟರ್ ಕ್ಲಬ್ ಸೇರಿಸಿಕೊಂಡಿತು. ತಮ್ಮ ತೀರ ಸಣಕಲು ಎಂದು ಅವನನ್ನು ವಾಪಸ್ ಕಳಿಸಿತು. ಅದೇ ನಗರದ ಎದುರಾಳಿ ಕ್ಲಬ್ ಎ.ಸಿ. ಮಿಲಾನ್ ಅವನನ್ನು ತೆಗೆದುಕೊಂಡಿತು. ಅಲ್ಲಿನವರು ಅವನನ್ನು ಕರೆದದ್ದು 'ಪಿಶಿನಿನ್' ಎಂದು; ಮಿಲಾನಿನ ಆಡುಮಾತಿನಲ್ಲಿ 'ಪುಟ್ಟ' ಅಂದ ಹಾಗೆ. ಬೆಳೆದ ಮೇಲೂ ಅವನ ಎತ್ತರ 1.76 ಮೀಟರ್, ಸೆಂಟರ್‌ಬ್ಯಾಕ್ ಆಡುವವನಿಗೆ ಕಡಿಮೆಯೇ. ಆ ಕೊರತೆಯನ್ನು ಅವನು ಜಿಗಿತದಿಂದಲೂ ಮೊದಲೇ ಊಹಿಸುವ ಬುದ್ಧಿಯಿಂದಲೂ ತುಂಬಿಕೊಂಡ.

ಹದಿನೇಳನೇ ವಯಸ್ಸಿಗೆ, 1978ರ ಏಪ್ರಿಲ್ 23ರಂದು, ವೆರೋನಾದಲ್ಲಿ ಮೊದಲ ಸೀರಿ 'ಎ' ಪಂದ್ಯ. ಆಗ ಕೋಚ್ ಆಗಿದ್ದ ಸ್ವೀಡನ್‌ನ ನೀಲ್ಸ್ ಲೀಡ್‌ಹೋಮ್ ಮಾರನೇ ಸೀಸನ್ನಿನಲ್ಲಿ ಆ ಹುಡುಗನ ಕೈಗೇ ರಕ್ಷಣೆಯ ಹಿಂಬದಿಯನ್ನು ಒಪ್ಪಿಸಿದ. ಆ ವರ್ಷ ಮಿಲಾನ್ ತನ್ನ ಹತ್ತನೇ ಲೀಗ್ ಪ್ರಶಸ್ತಿ ಗೆದ್ದಿತು. ಇದೆಲ್ಲ ಸುಖದ ಆರಂಭ. ಅಲ್ಲಿಂದ ಮುಂದಿನ ನಾಲ್ಕು ವರ್ಷವೇ ಅವನು ಎಂಥವನು ಎಂಬುದನ್ನು ತೋರಿಸಿದ್ದು.

1980ರಲ್ಲಿ ಬೆಟ್ಟಿಂಗ್ ಹಗರಣ ಬಯಲಿಗೆ ಬಂತು. ಶಿಕ್ಷೆಯಾಗಿ ಮಿಲಾನ್ ಎರಡನೇ ದರ್ಜೆಗೆ, ಸೀರಿ 'ಬಿ'ಗೆ, ಇಳಿಯಿತು. ಒಂದೇ ವರ್ಷದಲ್ಲಿ ಮೇಲೆ ಬಂದದ್ದು 1982ರಲ್ಲಿ ಮತ್ತೆ ಇಳಿಯಿತು. ಈ ಸಲ ಯಾರ ಶಿಕ್ಷೆಯೂ ಇರಲಿಲ್ಲ, ಆಟದಲ್ಲೇ ಸೋತು ಇಳಿದದ್ದು. ಆ ಸೀಸನ್ನಿನಲ್ಲಿ ಬರೇಸಿ ರಕ್ತಕ್ಕೆ ಸಂಬಂಧಿಸಿದ ಕಾಯಿಲೆಯಿಂದ ತಿಂಗಳುಗಟ್ಟಲೆ ಹೊರಗಿದ್ದ. ಅದೇ ಬೇಸಿಗೆಯಲ್ಲಿ ಸ್ಪೇನ್‌ನಲ್ಲಿ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿ ಅವನ ಹೆಸರಿತ್ತು. ಶಿರೆಯಾ ಇದ್ದುದರಿಂದ ಒಂದು ನಿಮಿಷವೂ ಆಡಲು ಸಿಗಲಿಲ್ಲ. ವಿಶ್ವಕಪ್ ವಿಜೇತ ತಂಡದ ಸದಸ್ಯ, ವಯಸ್ಸು 22, ದೊಡ್ಡ ಕ್ಲಬ್‌ಗಳಿಗೆ ಬೇಕಾದ ಆಟಗಾರ. ಅವನು ಹೋಗಿ ಆಡಿದ್ದು ಸೀರಿ 'ಬಿ'ಯಲ್ಲಿ, ಮಿಲಾನಿನ ನಾಯಕನಾಗಿ. ತಂಡ ಮತ್ತೆ ಮೇಲೆ ಬಂತು. ಆ ನಾಯಕನ ಪಟ್ಟಿ ಮುಂದಿನ ಹದಿನೈದು ವರ್ಷ ಅವನ ತೋಳಿನಿಂದ ಇಳಿಯಲಿಲ್ಲ. ನಿಷ್ಠೆ ಎಂಬ ಮಾತನ್ನು ಕ್ರೀಡಾಪುಟಗಳಲ್ಲಿ ಅಗ್ಗವಾಗಿ ಬಳಸುತ್ತೇವೆ. ಮಿಲಾನ್ ಅಭಿಮಾನಿಗಳು ಬರೇಸಿಯನ್ನು ಇವತ್ತಿಗೂ ತಲೆಯ ಮೇಲೆ ಹೊತ್ತು ಮೆರೆಸುವುದಕ್ಕೆ ಯುರೋಪಿನ ಕಪ್‌ಗಳಷ್ಟೇ ಆ ಎರಡು ಸೀರಿ 'ಬಿ' ಸೀಸನ್‌ಗಳೂ ಕಾರಣ.

ರಾಷ್ಟ್ರೀಯ ತಂಡದಲ್ಲಿ ಅವನಿಗೆ ಆದದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಕೋಚ್ ಎಂಜೊ ಬೇರ್‌ಜೋಟ್‌ಗೆ ಅವನು ಡಿಫೆಂಡರ್ ಆಗಿ ಒಪ್ಪಿಗೆಯಾಗಲೇ ಇಲ್ಲ. 1986ರ ಮೆಕ್ಸಿಕೊ ವಿಶ್ವಕಪ್‌ಗೆ ಅಣ್ಣ ಜುಸೆಪ್ಪೆ ಹೋದ, ಫ್ರಾಂಕೊ ಮನೆಯಲ್ಲಿ ಉಳಿದ. ಕೋಚ್ ಬದಲಾಗಿ ಅಜೇಲಿಯೊ ವಿಚೀನಿ ಬಂದ ಮೇಲೆ ಅವನ ಜಾಗ ಗಟ್ಟಿಯಾಯಿತು. 1990ರಲ್ಲಿ ತವರಿನಲ್ಲೇ ನಡೆದ ವಿಶ್ವಕಪ್‌ನ ಮೊದಲ ಐದು ಪಂದ್ಯಗಳಲ್ಲಿ ಇಟಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ನೇಪಲ್ಸ್‌ನ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಎದುರು ಪೆನಾಲ್ಟಿಯಲ್ಲಿ ಸೋತರು. ಅಂದು ಇಟಲಿಯ ಮೊದಲ ಪೆನಾಲ್ಟಿ ಹೊಡೆದವನು ಬರೇಸಿ, ಚೆಂಡು ಬಲೆ ಸೇರಿತ್ತು.

ಅಷ್ಟು ಹೊತ್ತಿಗೆ ಮಿಲಾನ್ ಬೇರೆಯೇ ತಂಡವಾಗಿತ್ತು. 1986ರಲ್ಲಿ ಸಿಲ್ವಿಯೊ ಬರ್ಲುಸ್ಕೋನಿ ಕ್ಲಬ್ ಕೊಂಡ, 1987ರಲ್ಲಿ ಪಾರ್ಮಾದಿಂದ ಅರಿಗೊ ಸಾಕಿಯನ್ನು ಕೋಚ್ ಆಗಿ ಕರೆತಂದ. ಇಟಲಿಯ ರಕ್ಷಣೆ ಅಲ್ಲಿಯವರೆಗೆ ನಡೆಯುತ್ತಿದ್ದ ಕ್ರಮ ಹೀಗೆ: ಎದುರಾಳಿಯ ಒಬ್ಬೊಬ್ಬ ಸ್ಟ್ರೈಕರ್‌ಗೂ ಒಬ್ಬ ಕಾವಲುಗಾರ, ಅವರೆಲ್ಲರ ಹಿಂದೆ ಯಾರ ಕಾವಲೂ ಇಲ್ಲದ ಲಿಬೆರೊ. ಮುಂದಿನವರು ತಪ್ಪಿದರೆ ಲಿಬೆರೊ ಬಂದು ಚೆಂಡು ಬಾಚಿ ಹಾಕುತ್ತಾನೆ. ಬರೇಸಿ ಕಲಿತದ್ದು ಈ ವಿದ್ಯೆಯನ್ನೇ. ಸಾಕಿ ಅದನ್ನು ತೆಗೆದುಹಾಕಿದ. ನಾಲ್ವರೂ ಒಂದೇ ಗೆರೆಯಲ್ಲಿ ನಿಲ್ಲಬೇಕು, ಹಿಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ, ಮತ್ತು ಆ ಗೆರೆ ಮೈದಾನದ ನಡುಭಾಗದ ಹತ್ತಿರಕ್ಕೆ ಏರಿ ಬರಬೇಕು. ಕೊನೆಯ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗೆ ಸುಮಾರು 25 ಮೀಟರ್‌ಗಿಂತ ಹೆಚ್ಚು ಅಂತರ ಇರಕೂಡದು. ಬಲಕ್ಕೆ ಟಸೊಟಿ, ನಡುವೆ ಕೊಸ್ಟಕುರ್ಟ ಮತ್ತು ಬರೇಸಿ, ಎಡಕ್ಕೆ ಮಾಲ್ಡಿನಿ. ಕಬಡ್ಡಿಯಲ್ಲಿ ಕೈಕೈ ಹಿಡಿದು ರೈಡರ್‌ನ ಸುತ್ತ ಸರಿಯುವ ಸರಪಳಿಯ ಹಾಗೆ ಈ ನಾಲ್ವರ ಚಲನೆ. ಸರಪಳಿ ಯಾವಾಗ ಮುಂದೆ ಬರಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ತೀರ್ಮಾನಿಸುವವನು ಬರೇಸಿ.

ಅಭ್ಯಾಸದ ಬಗ್ಗೆ ಸಾಕಿ ಹಲವು ಸಲ ಹೇಳಿಕೊಂಡ ಕತೆಯೊಂದಿದೆ. ಮಿಲನೆಲ್ಲೊ ಶಿಬಿರದಲ್ಲಿ ಗೋಲ್‌ಕೀಪರ್ ಜೊವಾನಿ ಗಾಲಿ ಮತ್ತು ಈ ನಾಲ್ವರನ್ನು ಒಂದು ಕಡೆ ನಿಲ್ಲಿಸಿ, ಗುಲಿಟ್, ವ್ಯಾನ್ ಬಾಸ್ಟನ್, ಅಂಚೆಲೋಟಿ ಮೊದಲಾದ ಹತ್ತು ಜನರನ್ನು ಅವರ ಮೇಲೆ ಬಿಡುತ್ತಿದ್ದ. ಹದಿನೈದು ನಿಮಿಷದೊಳಗೆ ಗೋಲು ಹೊಡೆಯಬೇಕು, ಚೆಂಡು ಕಳೆದುಕೊಂಡರೆ ತಮ್ಮ ಅರ್ಧದಿಂದ ಮತ್ತೆ ಶುರುಮಾಡಬೇಕು. ಆ ಹತ್ತು ಜನರಿಗೆ ಗೋಲು ಹೊಡೆಯಲು ಆಗುತ್ತಲೇ ಇರಲಿಲ್ಲವಂತೆ. ಚೆಂಡೇ ಇಲ್ಲದೆ ಆಡಿಸುವ ಇನ್ನೊಂದು ಅಭ್ಯಾಸವೂ ಇತ್ತು. ಚೆಂಡು ಇಂಥ ಕಡೆ ಇದೆ ಎಂದು ಸಾಕಿ ಕೂಗಿದರೆ ಹನ್ನೊಂದು ಜನರೂ ಅದಕ್ಕೆ ತಕ್ಕ ಜಾಗಕ್ಕೆ ಸರಿಯಬೇಕು. ಮೊದಮೊದಲು ತಂಡದಲ್ಲೇ ಗೊಣಗಾಟವಿತ್ತು. ಕೋಚ್ ಕಾಗದದ ಮೇಲೆ ಬರೆದ ಲೆಕ್ಕವನ್ನು ಮೈದಾನದಲ್ಲಿ, ಓಡುವ ಎದುರಾಳಿಗಳ ನಡುವೆ, ಅರೆಕ್ಷಣದಲ್ಲಿ ಬಿಡಿಸಲು ಒಬ್ಬ ಬೇಕಲ್ಲ. ಬರೇಸಿ ಇಲ್ಲದಿದ್ದರೆ ಸಾಕಿಯ ವಿಚಾರ ಹೊತ್ತಗೆಯಲ್ಲೇ ಉಳಿಯುತ್ತಿತ್ತು ಎಂದು ನಾನು ನಂಬಿದ್ದೇನೆ.

ಫಲ ಬೇಗ ಬಂತು. 1988ರಲ್ಲಿ ಲೀಗ್ ಪ್ರಶಸ್ತಿ. 1989ರ ಏಪ್ರಿಲ್ 19ರಂದು ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ 5-0, ಮೇ 24ರ ಫೈನಲ್‌ನಲ್ಲಿ ಸ್ಟೆವಾ ಬುಕರೆಸ್ಟ್ ಮೇಲೆ 4-0. ಮರುವರ್ಷ ಬೆನ್‌ಫಿಕಾವನ್ನು ಸೋಲಿಸಿ ಮತ್ತೆ ಕಪ್. 1989ರ ಬ್ಯಾಲನ್ ಡಿ'ಓರ್‌ನ ಮೊದಲ ಮೂರು ಸ್ಥಾನ ಮಿಲಾನಿನವರಿಗೇ ಹೋದವು: ವ್ಯಾನ್ ಬಾಸ್ಟನ್, ಬರೇಸಿ, ರೈಕಾರ್ಡ್. ಇಬ್ಬರು ಡಚ್ಚರ ನಡುವೆ ಒಬ್ಬ ಇಟಾಲಿಯನ್ ಡಿಫೆಂಡರ್.

ಅವನ ಆಟ ಆಫ್‌ಸೈಡ್ ನಿಯಮದ ಕೃಪೆ ಎನ್ನುವವರು ಇದ್ದಾರೆ. 1990ರವರೆಗೆ ಕೊನೆಯ ಡಿಫೆಂಡರ್‌ನ ಸಮಕ್ಕೆ ನಿಂತ ಸ್ಟ್ರೈಕರ್ ಕೂಡ ಆಫ್‌ಸೈಡ್ ಆಗುತ್ತಿದ್ದ, ಅದು ನಿಜ. ಆ ವರ್ಷ ಸಮಕ್ಕಿದ್ದರೆ ತಪ್ಪಿಲ್ಲ ಎಂದು ನಿಯಮ ತಿದ್ದಿದರು. 1992ರಲ್ಲಿ ಬ್ಯಾಕ್‌ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವುದೂ ನಿಂತಿತು. ಎರಡೂ ರಕ್ಷಣೆಗೆ ಕಷ್ಟ ಕೊಡುವ ಬದಲಾವಣೆಗಳೇ. ಆ ವರ್ಷಗಳಲ್ಲಿ ಏನಾಯಿತು? ಸಾಕಿಯ ನಂತರ ಬಂದ ಫಾಬಿಯೊ ಕಪೆಲೊನ ಕೈಕೆಳಗೆ ಮಿಲಾನ್ 1991-92ರ ಲೀಗನ್ನು ಒಂದೂ ಪಂದ್ಯ ಸೋಲದೆ ಗೆದ್ದಿತು. ಲೀಗ್‌ನಲ್ಲಿ ಸತತ 58 ಪಂದ್ಯ ಅಜೇಯವಾಗಿ ಉಳಿಯಿತು. 1993-94ರಲ್ಲಿ 34 ಪಂದ್ಯಗಳಲ್ಲಿ ಹೊಡೆದದ್ದು ಬರೀ 36 ಗೋಲು, ಬಿಟ್ಟುಕೊಟ್ಟದ್ದು 15. ಆದರೂ ಚಾಂಪಿಯನ್. ಆಗ ಬರೇಸಿಗೆ ವಯಸ್ಸು 33 ದಾಟಿತ್ತು, ಓಟ ಮೊದಲಿನಷ್ಟು ಇರಲಿಲ್ಲ. ನಿಯಮ ಬದಲಾದರೆ ಕೆಡುವ ವಿದ್ಯೆ ಅವನದಾಗಿರಲಿಲ್ಲ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸೀರಿ 'ಎ'ಯಲ್ಲಿ ಅತಿ ಹೆಚ್ಚು ಸ್ವಂತ ಗೋಲು ಹೊಡೆದ ದಾಖಲೆ ಬರೇಸಿಯದು: ಎಂಟು, ಇಂಟರ್‌ನ ರಿಕ್ಕಾರ್ಡೊ ಫೆರಿಯ ಜೊತೆ ಹಂಚಿಕೊಂಡದ್ದು. ಅಪಾಯ ಇರುವಲ್ಲಿಗೆ ಇಪ್ಪತ್ತು ಸೀಸನ್ ಎಲ್ಲರಿಗಿಂತ ಮೊದಲು ಕಾಲು ಚಾಚಿದವನ ಲೆಕ್ಕದಲ್ಲಿ ಇಷ್ಟು ಬರುವುದು ನನಗೆ ಆಶ್ಚರ್ಯವಲ್ಲ.

1997ರಲ್ಲಿ ನಿವೃತ್ತನಾದಾಗ ಮಿಲಾನ್ ಪರ 719 ಪಂದ್ಯ, ಆರು ಲೀಗ್ ಪ್ರಶಸ್ತಿ, ಮೂರು ಯುರೋಪಿಯನ್ ಕಪ್. ಆರನೇ ನಂಬರಿನ ಅಂಗಿಯನ್ನು ಕ್ಲಬ್ ಇನ್ನು ಯಾರಿಗೂ ಕೊಡುವುದಿಲ್ಲ ಎಂದಿತು. ಇಟಲಿ ಪರ 81 ಪಂದ್ಯ. ಇವುಗಳಲ್ಲಿ ಯಾವುದಾದರೂ ಒಂದನ್ನೇ ನೋಡಬೇಕು ಎಂದರೆ 1994ರ ವಿಶ್ವಕಪ್ ಫೈನಲ್ ನೋಡಿ ಎನ್ನುತ್ತೇನೆ, ಇಟಲಿ ಸೋತ ಪಂದ್ಯವನ್ನು.

ಆ ವರ್ಷ ಮೇ 18ರಂದು ಅಥೆನ್ಸ್‌ನಲ್ಲಿ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಮಿಲಾನ್ ಬಾರ್ಸಿಲೋನಾವನ್ನು 4-0 ಅಂತರದಿಂದ ಬಗ್ಗುಬಡಿದಾಗ ಬರೇಸಿ ನಿಷೇಧದಿಂದಾಗಿ ಆಡಿರಲಿಲ್ಲ. ಅಮೆರಿಕದ ವಿಶ್ವಕಪ್‌ಗೆ ಇಟಲಿಯ ಕೋಚ್ ಸಾಕಿ, ನಾಯಕ ಬರೇಸಿ. ಜೂನ್ 23ರಂದು ನಾರ್ವೆ ಎದುರಿನ ಪಂದ್ಯದಲ್ಲಿ ಅವನ ಮಂಡಿಯ ಮೆನಿಸ್ಕಸ್ ಹರಿಯಿತು. ಶಸ್ತ್ರಚಿಕಿತ್ಸೆಯಾಯಿತು. ವಿಶ್ವಕಪ್ ಅಲ್ಲಿಗೆ ಮುಗಿಯಿತು ಎಂದೇ ಎಲ್ಲರೂ ತಿಳಿದರು. ಅತ್ತ ಇಟಲಿ ಏಳುತ್ತ ಬೀಳುತ್ತ ಫೈನಲ್ ತಲುಪಿತು, ಇತ್ತ ಟಸೊಟಿ ಮೊಣಕೈ ಬೀಸಿ ಎಂಟು ಪಂದ್ಯಗಳ ನಿಷೇಧಕ್ಕೆ ಒಳಗಾದ, ಕೊಸ್ಟಕುರ್ಟ ಹಳದಿ ಕಾರ್ಡಿನಿಂದ ಫೈನಲ್ ಕಳೆದುಕೊಂಡ. ಜುಲೈ 17ರಂದು, ಮಂಡಿಗೆ ಪೆಟ್ಟಾದ 24ನೇ ದಿನ, ಪ್ಯಾಸಡೀನಾದ ಉರಿಬಿಸಿಲಿನಲ್ಲಿ, 94,194 ಪ್ರೇಕ್ಷಕರ ಎದುರು ಬರೇಸಿ ಆಡಲು ಇಳಿದ. ಪಕ್ಕದಲ್ಲಿ ಎಡಬದಿಯಿಂದ ನಡುವಿಗೆ ಬಂದ ಮಾಲ್ಡಿನಿ. ಎದುರಿಗೆ ಬ್ರೆಜಿಲ್‌ನ ರೊಮಾರಿಯೊ ಮತ್ತು ಬೆಬೆಟೊ. ನಮ್ಮಲ್ಲಿ ಆಗ ರಾತ್ರಿ ಒಂದು ಗಂಟೆ.

ಆ 120 ನಿಮಿಷ ರೊಮಾರಿಯೊ ಏನು ಮಾಡಿದರೂ ಗೋಲಾಗಲಿಲ್ಲ. ಅವನು ಚೆಂಡಿಗಾಗಿ ಹಿಂದೆ ಬಂದರೆ ಬರೇಸಿ ಬೆನ್ನಟ್ಟುವುದಿಲ್ಲ, ಅವನು ತಿರುಗುವ ಜಾಗವನ್ನು ಮೊದಲೇ ಹೋಗಿ ಮುಚ್ಚುತ್ತಾನೆ. ಚೆಂಡು ಬಿಡಿಸಿಕೊಂಡ ಮೇಲೆ ತಲೆ ಎತ್ತಿ, ಸ್ವತಃ ಚೆಂಡು ಒಯ್ದು ಮಿಡ್‌ಫೀಲ್ಡ್ ದಾಟಿಸುತ್ತಾನೆ. ಹೆಚ್ಚುವರಿ ಸಮಯದ ಹೊತ್ತಿಗೆ ಕಾಲು ಸೆಟೆದುಕೊಳ್ಳುತ್ತಿತ್ತು, ಆದರೂ ಸಾಲು ಒಡೆಯಲಿಲ್ಲ. ಪಂದ್ಯ 0-0. ಷೂಟೌಟ್‌ನಲ್ಲಿ ಮೊದಲ ಹೊಡೆತ ಅವನದೇ. ಚೆಂಡು ಅಡ್ಡಕಂಬದ ಮೇಲಿಂದ ಹಾರಿಹೋಯಿತು. ಮಸಾರೊನ ಹೊಡೆತವನ್ನು ಗೋಲ್‌ಕೀಪರ್ ಟಫರೆಲ್ ತಡೆದ, ರೊಬರ್ಟೊ ಬಾಜಿಯೊನದು ಕೊನೆಯಲ್ಲಿ ಆಕಾಶಕ್ಕೆ ಹೋಯಿತು. ಬರೇಸಿ ಬಿಕ್ಕಿ ಬಿಕ್ಕಿ ಅತ್ತ. ಅವನ ವೃತ್ತಿಜೀವನ ಎಂದರೆ ಆ ತಪ್ಪಿದ ಪೆನಾಲ್ಟಿಯನ್ನೇ ನೆನೆಯುವವರು ಬಹಳ. ಆ ಪಂದ್ಯದ ಪೂರ್ತಿ ವಿಡಿಯೊ ಸಿಕ್ಕರೆ ಮೊದಲ ನಿಮಿಷದಿಂದ ಆರನೇ ನಂಬರನ್ನೇ ಹಿಂಬಾಲಿಸಿ ನೋಡಿ. ಹೆಚ್ಚುವರಿ ಸಮಯ ಮುಗಿದ ಸೀಟಿ ಊದಿದಾಗ ನಿಲ್ಲಿಸಿದರೂ ನೋಡಬೇಕಾದದ್ದು ಏನೂ ತಪ್ಪುವುದಿಲ್ಲ.