ರೀಚ್ ಗ್ರಹದ ಪತನ: ಒಂದು ವಿಮರ್ಶೆ

ವಿಡಿಯೋ ಆಟವೊಂದನ್ನು ಆಧರಿಸಿ ಬರೆದ ಕಾದಂಬರಿಯೆಂದೊಡನೆ ಸಾಹಿತ್ಯಾಭಿಮಾನಿಗಳ ಮುಖದಲ್ಲಿ ತಾತ್ಸಾರವು ಮೂಡುವುದು ಸಹಜ. ಆಟದ ಪ್ರಚಾರಕ್ಕಾಗಿ ಬರೆಯಿಸಿದ ಪುಸ್ತಕದಲ್ಲಿ ಸಾಹಿತ್ಯವು ಎಲ್ಲಿಂದ ಬಂದೀತು ಎಂಬುದು ಅವರ ಪ್ರಶ್ನೆ. ಆದರೆ ಕಾರವಾರ, ಅಂಕೋಲೆಗಳ ವಾಚಕರು ಇಷ್ಟು ಬೇಗನೆ ತೀರ್ಪು ಕೊಡಲಾರರು. ತಾಳಮದ್ದಲೆಯಲ್ಲಿ ಪ್ರಸಂಗದ ಪದ್ಯಗಳು ಮೊದಲೇ ನಿಶ್ಚಿತವಾಗಿರುತ್ತವೆ. ಅಭಿಮನ್ಯುವು ಚಕ್ರವ್ಯೂಹದಿಂದ ಹಿಂದಿರುಗುವುದಿಲ್ಲವೆಂಬುದು ಕುಳಿತ ಪ್ರತಿಯೊಬ್ಬನಿಗೂ ಗೊತ್ತು. ಆದರೂ ಅರ್ಥಧಾರಿಯು ಆ ಪದ್ಯಕ್ಕೆ ಏನನ್ನು ಕೂಡಿಸುವನೆಂದು ಕೇಳಲು ಜನರು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಅಂದಮೇಲೆ ಕಥೆಯು ಎಲ್ಲಿಂದ ಬಂದಿತೆಂಬುದಕ್ಕಿಂತ, ಬಂದ ಕಥೆಗೆ ಲೇಖಕನು ಯಾವ ಅರ್ಥವನ್ನು ಹೇಳಿದನೆಂಬುದೇ ವಿಚಾರಿಸತಕ್ಕ ಸಂಗತಿ.

ಪ್ರಕೃತ ಗ್ರಂಥವು ಎರಿಕ್ ನೈಲಂಡ್ ಎಂಬ ಅಮೇರಿಕದ ಲೇಖಕನು ರಚಿಸಿದ 'ಹೇಲೋ: ದ ಫಾಲ್ ಆಫ್ ರೀಚ್' ಎಂಬ ಇಂಗ್ಲಿಷ್ ಕಾದಂಬರಿ. ಇದು 2001ನೆಯ ಇಸವಿಯ ಅಕ್ಟೋಬರದಲ್ಲಿ ಪ್ರಕಟವಾಯಿತು. ಬಂಗೀ ಸಂಸ್ಥೆಯು ನಿರ್ಮಿಸಿದ 'ಹೇಲೋ' ಆಟವು ಮೈಕ್ರೊಸಾಫ್ಟ್ ಸಂಸ್ಥೆಯ ಎಕ್ಸ್‌ಬಾಕ್ಸ್ ಯಂತ್ರದೊಡನೆ ಹೊರಬಂದದ್ದು ಅದರ ಮರುತಿಂಗಳು. ಹೀಗೆ ಆಟಕ್ಕಿಂತ ಆಟದ ಕಾದಂಬರಿಯೇ ಕೆಲವು ದಿನ ಹಿರಿದಾಯಿತು. ಲೇಖಕನು ಇದನ್ನು ಏಳು ವಾರಗಳಲ್ಲಿ ಬರೆದು ಮುಗಿಸಿದನು. ಆಟದ ನಾಯಕನಾದ 'ಮಾಸ್ಟರ್ ಚೀಫ್' ಎಂಬ ಯೋಧನಿಗೆ ಶಿರಸ್ತ್ರಾಣವುಂಟು, ಮುಖವಿಲ್ಲ, ಪರಾಕ್ರಮವುಂಟು, ಬಾಲ್ಯವಿಲ್ಲ. ಆ ಬಾಲ್ಯವನ್ನು ಒದಗಿಸುವುದೇ ಕಾದಂಬರಿಕಾರನ ಪಾಲಿಗೆ ಬಂದ ಕಾರ್ಯ.

ಕಥೆಯು ನಡೆಯುವುದು ಇಪ್ಪತ್ತಾರನೆಯ ಶತಮಾನದಲ್ಲಿ. ಮಾನವರು ಭೂಮಿಯನ್ನು ಮೀರಿ ಅನೇಕ ಗ್ರಹಗಳಲ್ಲಿ ನೆಲೆಸಿದ್ದಾರೆ. ಆ ವಸಾಹತುಗಳಲ್ಲಿ ಬಂಡಾಯಗಳು ಎದ್ದಿವೆ. ಅವುಗಳನ್ನು ಅಡಗಿಸಲು ಡಾಕ್ಟರ್ ಕ್ಯಾಥರಿನ್ ಹಾಲ್ಸಿ ಎಂಬ ವಿದುಷಿಯು ಅಸಾಧಾರಣ ಸೈನಿಕರನ್ನು ಸಿದ್ಧಪಡಿಸುವ ಯೋಜನೆಯೊಂದನ್ನು ಹೂಡುತ್ತಾಳೆ. 2517ರಲ್ಲಿ ಆಕೆಯು ಎರಿಡಾನಸ್ ಎಂಬ ನಕ್ಷತ್ರದ ಗ್ರಹವೊಂದಕ್ಕೆ ಹೋಗಿ ಜಾನ್ ಎಂಬ ಆರು ವರ್ಷದ ಹುಡುಗನನ್ನು ಕಾಣುತ್ತಾಳೆ. ಅವನು ದಿಬ್ಬದ ಮೇಲೆ ನಿಂತು ಹತ್ತಬಂದವರನ್ನೆಲ್ಲ ಕೆಳಕ್ಕೆ ತಳ್ಳುವ ಮಕ್ಕಳಾಟದಲ್ಲಿ ಮಗ್ನನಾಗಿದ್ದಾನೆ. ಆಕೆಯು ನಾಣ್ಯವೊಂದನ್ನು ಚಿಮ್ಮಿ ಯಾವ ಮಗ್ಗುಲೆಂದು ಕೇಳುತ್ತಾಳೆ. ಅವನು ಸರಿಯಾಗಿ ಹೇಳುತ್ತಾನೆ. ಅಲ್ಲಿಗೆ ಅವನ ಹಣೆಬರಹವು ತೀರ್ಮಾನವಾಗುತ್ತದೆ. ಅವನಂತಹ 75 ಮಕ್ಕಳನ್ನು ಸರಕಾರವು ಗುಪ್ತವಾಗಿ ಅಪಹರಿಸಿ, ಅವರ ಹಾಸಿಗೆಯಲ್ಲಿ ಅವರದೇ ರೂಪದ, ಬೇಗನೆ ರೋಗ ಬಂದು ಸಾಯುವ ಕೃತಕ ಶಿಶುಗಳನ್ನು ಇಟ್ಟುಬರುತ್ತದೆ. ಹೆತ್ತವರು ತಮ್ಮದಲ್ಲದ ಮಗುವಿಗೆ ಶುಶ್ರೂಷೆ ಮಾಡಿ, ತಮ್ಮದಲ್ಲದ ಮಗುವನ್ನು ಮಣ್ಣುಮಾಡುತ್ತಾರೆ. ಯಾವ ಆಟವೂ ಇಂತಹ ಸಂಗತಿಯನ್ನು ಆಡುವವನ ಕೈಗೆ ಕೊಡಲಾರದು. ಗ್ರಂಥದ ಹಿರಿಮೆಯು ಇಲ್ಲಿಂದ ಆರಂಭವಾಗುತ್ತದೆ.

ಶಿಕ್ಷಣದ ಅಧ್ಯಾಯಗಳೂ ಚೆನ್ನಾಗಿವೆ. ಮೊದಲ ದಿನಗಳ ಸ್ಪರ್ಧೆಯೊಂದರಲ್ಲಿ ಜಾನನು ಎಲ್ಲರಿಗಿಂತ ಮುಂಚೆ ಓಡಿಹೋಗಿ ಗಂಟೆಯನ್ನು ಬಾರಿಸುತ್ತಾನೆ. ಆದರೆ ಅವನ ಜೊತೆಯ ಇಬ್ಬರು ಕೊನೆಗೆ ಬಂದುದರಿಂದ ಮೂವರಿಗೂ ಆ ರಾತ್ರಿ ಊಟವಿಲ್ಲ. ಒಬ್ಬನ ಗೆಲುವು ಗೆಲುವಲ್ಲವೆಂಬ ಪಾಠವನ್ನು ಹಸಿದ ಹೊಟ್ಟೆಯು ಕಲಿಸುತ್ತದೆ. ಅವರಿಗೆ ಹದಿನಾಲ್ಕು ವರ್ಷಗಳಾದಾಗ, 2525ರಲ್ಲಿ, ದೇಹವನ್ನೇ ಮಾರ್ಪಡಿಸುವ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. 30 ಮಂದಿ ಸಾಯುತ್ತಾರೆ, 12 ಮಂದಿ ಅಂಗವಿಕಲರಾಗುತ್ತಾರೆ, ಉಳಿದವರು 33. ಇಲ್ಲಿ ಲೇಖಕನು ಕಣ್ಣೀರನ್ನು ಹರಿಸದೆ ಲೆಕ್ಕವನ್ನಷ್ಟೇ ಕೊಟ್ಟಿರುವುದು ಔಚಿತ್ಯವರಿತ ಕಾರ್ಯ. ಆ ಲೆಕ್ಕವೇ ಸಾಕಷ್ಟು ನುಡಿಯುತ್ತದೆ.

ಇಷ್ಟರವರೆಗೆ ಗ್ರಂಥಕರ್ತನು ತನ್ನ ಪ್ರಶ್ನೆಯನ್ನು ಎದುರಿಟ್ಟುಕೊಂಡು ನಡೆದಿದ್ದಾನೆ. ಈ ಬಾಲಸೈನಿಕರನ್ನು ಮೊದಲು ಕಳಿಸುವುದು ಬಂಡಾಯಗಾರರ ನಾಯಕನೊಬ್ಬನನ್ನು ಹಿಡಿತರಲು. ಅವನು ಅಡಗಿರುವುದು ಜಾನನು ಹುಟ್ಟಿದ ಅದೇ ಎರಿಡಾನಸಿನ ಪರಿಸರದಲ್ಲಿ. ತನ್ನ ನೆಲದಿಂದ ಕದ್ದೊಯ್ದ ಹುಡುಗನನ್ನು ತನ್ನ ನೆಲದವರ ಮೇಲೆಯೇ ಬಿಟ್ಟಂತಾಯಿತು. ಇದಕ್ಕಿಂತ ದಾರುಣವಾದ ಸನ್ನಿವೇಶವನ್ನು ಯಾವ ಕಾದಂಬರಿಕಾರನು ಬಯಸಿಯಾನು? ಆದರೆ ಅದೇ ವರ್ಷ 'ಕಾವೆನೆಂಟ್' ಎಂಬ ಪರಲೋಕದ ಶತ್ರುಗಳು ಮಾನವರ ಮೇಲೆ ಬೀಳುತ್ತಾರೆ. ಅಂದಿನಿಂದ ಕಥೆಯು ವ್ಯೋಮನೌಕೆಗಳ ಕಾಳಗವಾಗುತ್ತದೆ; ಬಂಡಾಯವು ಮರೆತುಹೋಗುತ್ತದೆ; ತಂದೆತಾಯಿಗಳೂ ಮರೆತುಹೋಗುತ್ತಾರೆ. ಮಾನವಕುಲವನ್ನು ಉಳಿಸಬಲ್ಲವರು ಈ ಸೈನಿಕರೇ ಆದುದರಿಂದ ಇವರನ್ನು ಕದ್ದದ್ದೂ ಸರಿಯಾಯಿತೆಂಬ ಭಾವನೆಯು ವಾಚಕನಲ್ಲಿ ತಾನಾಗಿಯೇ ಬೇರೂರುತ್ತದೆ. ಅಪರಾಧವು ನಡೆದಾಗ ಈ ಶತ್ರುವಿನ ಹೆಸರನ್ನೂ ಯಾರೂ ಅರಿತಿರಲಿಲ್ಲವೆಂಬುದನ್ನು ಲೇಖಕನು ಮತ್ತೆ ನೆನಪಿಸುವುದಿಲ್ಲ. ಗ್ರಂಥದ ಮುಖ್ಯ ದೋಷವು ಇದೇ. ಹಿಂದೆ ಮಾಡಿದ ಅನ್ಯಾಯಕ್ಕೆ ಮುಂದೆ ಬಂದ ಆಪತ್ತು ಹೇಗೆ ಸಮರ್ಥನೆಯಾದೀತು?

ಅಭಿಮನ್ಯುವಿನ ಕಥೆಯಲ್ಲಿ ಹೀಗಾಗಲಿಲ್ಲ. ಸಂಜೆ ಪಾಳೆಯಕ್ಕೆ ಮರಳಿದ ಅರ್ಜುನನು ಮಗನೆಲ್ಲಿಯೆಂದು ಕೇಳುತ್ತಾನೆ. ಹಿರಿಯರು ತಲೆ ತಗ್ಗಿಸಬೇಕಾಗುತ್ತದೆ. ಮುಂದೆ ಪಾಂಡವರು ಗೆದ್ದರೂ ಆ ಪ್ರಶ್ನೆಯು ಅಳಿಯಲಿಲ್ಲ. ನೈಲಂಡನ ಕಾದಂಬರಿಯಲ್ಲಿ ಕೇಳುವ ಅರ್ಜುನನಿಲ್ಲ. ಹಾಲ್ಸಿಗೆ ಮನಸ್ಸಾಕ್ಷಿಯ ಚುಚ್ಚುವಿಕೆಯುಂಟು, ನಿಜ; ಮಕ್ಕಳ ಮೇಲೆ ಮಮತೆಯೂ ಉಂಟು. 1883ರಲ್ಲಿ ಕಾರವಾರದಲ್ಲಿ ತಮ್ಮ ಅಣ್ಣನ ಮನೆಯಲ್ಲಿದ್ದಾಗ ತರುಣ ರವೀಂದ್ರನಾಥರು ಬರೆದ 'ಪ್ರಕೃತಿರ್ ಪ್ರತಿಶೋಧ'ದ ಸನ್ಯಾಸಿಯು ಅನಾಥ ಬಾಲಿಕೆಯೊಬ್ಬಳನ್ನು ತೊರೆದುಹೋಗಿ, ಮರಳಿ ಬಂದಾಗ ಅವಳು ಸತ್ತಿರುವುದನ್ನು ಕಾಣುತ್ತಾನೆ. ಆ ಒಂದು ಸಾವಿನೆದುರು ಅವನ ಸಿದ್ಧಿಯೆಲ್ಲವೂ ಕುಸಿಯುತ್ತದೆ. ಹಾಲ್ಸಿಯ ಎದುರು 30 ಸಾವುಗಳಿವೆ. ಅವಳ ಸಿದ್ಧಿಯು ಕದಲುವುದಿಲ್ಲ. ಕದಲಿಸುವ ಅವಕಾಶವನ್ನು ಲೇಖಕನು ಕೈಬಿಟ್ಟಿದ್ದಾನೆ.

ಇದು ಕೇವಲ ಕಲ್ಪನಾಲೋಕದ ಚರ್ಚೆಯೆಂದು ಈ ಸೀಮೆಯ ವಾಚಕರು ಹೇಳಲಾರರು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತು. 2005ರ ಮೇ 31ರಂದು ಐ.ಎನ್.ಎಸ್. ಕದಂಬವು ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕರಾವಳಿಯಲ್ಲಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಇಳಿಸುವ ಕಡಲತಡಿಗಳನ್ನು ಬಿಟ್ಟುಕೊಟ್ಟವು. ನೌಕಾನೆಲೆಯು ದೇಶಕ್ಕೆ ಅಗತ್ಯವೆಂಬುದರಲ್ಲಿ ಸಂಶಯವಿಲ್ಲದವರೂ, ಪರಿಹಾರದ ಹಕ್ಕಿಗಾಗಿ ವರ್ಷಾನುಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರನ್ನು ತಪ್ಪೆನ್ನಲಿಲ್ಲ. ಹಡಗುಗಳು ಬಂದು ನಿಂತವೆಂದು ಋಣವು ತೀರುವುದಿಲ್ಲ. ಬಿಟ್ಟುಕೊಟ್ಟವರಿಗೆ ಕೇಳಲು ಬಾಯಿಯಾದರೂ ಇತ್ತು. ಆರು ವರ್ಷದ ಮಗುವಿಗೆ ಅದೂ ಇಲ್ಲ. ದೇಶರಕ್ಷಣೆಯ ಬೆಲೆಯನ್ನು ಯಾರು ತೆತ್ತರು, ಅವರನ್ನು ಕೇಳಿ ತೆಗೆದುಕೊಂಡರೇ ಎಂಬ ವಿಚಾರವು ವಿಜಯದ ನಂತರವೂ ಉಳಿಯತಕ್ಕದ್ದೆಂಬುದನ್ನು ಈ ಗ್ರಂಥವು ಅರಿತೂ ಮರೆತಿದೆ.

ಶೈಲಿಯ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಭಾಷೆಯು ನೇರವಾಗಿದೆ, ಕಾಳಗದ ವರ್ಣನೆಗಳು ಸ್ಪಷ್ಟವಾಗಿದ್ದರೂ ಪುನರುಕ್ತಿಯಿಂದ ಬೇಸರ ತರುತ್ತವೆ. ಜಾನನ ಬಾಲ್ಯಸ್ನೇಹಿತನಾದ ಸ್ಯಾಮನು, ಕವಚವು ಒಡೆದುದರಿಂದ ಶತ್ರುನೌಕೆಯಲ್ಲಿಯೇ ಉಳಿದು ಪ್ರಾಣವನ್ನೊಪ್ಪಿಸುವ ಪ್ರಸಂಗವು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. 2552ರಲ್ಲಿ ರೀಚ್ ಗ್ರಹವು ಬೀಳುವುದರೊಡನೆ ಕಥೆಯು ಆಟದ ಬಾಗಿಲಿಗೆ ಬಂದು ನಿಲ್ಲುತ್ತದೆ.

ಒಟ್ಟಿನಲ್ಲಿ ಈ ಕಾದಂಬರಿಯು ತಾತ್ಸಾರಕ್ಕೆ ಅರ್ಹವಲ್ಲ. ಪೂರ್ಣ ಪ್ರಶಂಸೆಗೂ ಅರ್ಹವಲ್ಲ. ಮೊದಲ ಭಾಗದಲ್ಲಿ ಅರ್ಥಧಾರಿಯು ಪದ್ಯವನ್ನು ಮೀರಿದ್ದಾನೆ. ಉತ್ತರಾರ್ಧದಲ್ಲಿ ಚೆಂಡೆಯ ಸದ್ದಿಗೆ ಮಾತನ್ನು ಬಿಟ್ಟುಕೊಟ್ಟಿದ್ದಾನೆ. ಮನೆಯಲ್ಲಿ ಈ ಆಟವನ್ನಾಡುವ ಮಕ್ಕಳಿದ್ದರೆ ಹಿರಿಯರು ಪುಸ್ತಕವನ್ನು ಕಸಿದುಕೊಳ್ಳುವ ಬದಲು ತಾವೂ ಓದುವುದು ಲೇಸು. ಓದಿ ಮುಗಿಸಿದ ಮೇಲೆ, ದಿಬ್ಬದ ಮೇಲೆ ಆಡುತ್ತಿದ್ದ ಆ ಹುಡುಗನ ತಾಯಿಗೆ ನಿಜವನ್ನು ಯಾರು ಹೇಳಿದರೆಂದು ಮಕ್ಕಳನ್ನು ಕೇಳಲಿ. ಅರ್ಜುನನ ಪ್ರಶ್ನೆಯನ್ನು ಗ್ರಂಥವು ಕೇಳದಿದ್ದರೆ ಮನೆಯಾದರೂ ಕೇಳಬೇಕು.