ಔನ್ಸಿಗೆ ಅಂಜಬೇಡಿ, ಪಿಂಟನ್ನು ನಂಬಬೇಡಿ

ವಿದೇಶಿ ಕಾಕ್‌ಟೇಲ್ ಪುಸ್ತಕ ಕೈಗೆ ಸಿಕ್ಕ ಕೂಡಲೇ ಕೆಲವರು ಮೊಬೈಲ್ ತೆಗೆದು, ಔನ್ಸಿಗೆ 29.57 ಮಿಲಿಲೀಟರಿನಂತೆ ಗುಣಿಸಲು ಕೂರುತ್ತಾರೆ. ಬೇಡದ ಉಸಾಬರಿ. ನಮ್ಮ ಬಾರಿನ ಸಣ್ಣ ಪೆಗ್ 30 ಮಿಲಿ, ದೊಡ್ಡದು 60. ಅಮೆರಿಕದ ಔನ್ಸಿಗೂ ಸಣ್ಣ ಪೆಗ್ಗಿಗೂ ಅರ್ಧ ಮಿಲಿಯಷ್ಟೂ ಅಂತರವಿಲ್ಲ.

ಡೈಕಿರಿಯನ್ನೇ ತಗೊಳ್ಳಿ. ಎರಡು ಔನ್ಸ್ ರಮ್, ಒಂದು ಔನ್ಸ್ ನಿಂಬೆರಸ, ಮುಕ್ಕಾಲು ಔನ್ಸ್ ಸಕ್ಕರೆ ಪಾಕ. ಅಂದರೆ 60, 30, 22.5. ಬ್ರಿಟನ್ನಿನ ಔನ್ಸ್ 28.41 ಮಿಲಿ, ಕೊಂಚ ಚಿಕ್ಕದು; ಆದರೂ ಮೂರನ್ನೂ ಒಂದೇ ಅಳತೆಯಲ್ಲಿ ಸುರಿಯುವವರೆಗೆ ಹುಳಿ-ಸಿಹಿಯ ಹದ ಅಲುಗುವುದಿಲ್ಲ. ಪೆಗ್ ಮೆಷರಿನಲ್ಲಿ ಸಿಗದ ಆ 22.5ಕ್ಕೆ ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಸಾಕು. ತೊಳೆದುಕೊಳ್ಳಿ, ಅಷ್ಟೇ.

ಮೋಸ ಇರುವುದು ಪಿಂಟಿನಲ್ಲಿ. ಅಮೆರಿಕದ ಪಿಂಟಿಗೆ 16 ಔನ್ಸ್, 473 ಮಿಲಿ. ಬ್ರಿಟನ್ನಿನದಕ್ಕೆ 20 ಔನ್ಸ್, 568 ಮಿಲಿ. ಕಾರಣ ಗ್ಯಾಲನ್ನಿನಲ್ಲಿದೆ, ಪಿಂಟ್ ಅದರದೇ ಒಂದು ಪಾಲು. ಇಂಗ್ಲೆಂಡಿನ ರಾಣಿ ಆನ್ ಕಾಲದಲ್ಲಿ, 1707ರಲ್ಲಿ, ವೈನ್ ಗ್ಯಾಲನ್ 231 ಘನ ಅಂಗುಲ ಎಂದು ನಿಗದಿಯಾಯಿತು. ಅಮೆರಿಕ ಅದನ್ನೇ ಉಳಿಸಿಕೊಂಡಿತು. ಇಂಗ್ಲೆಂಡ್ ಮಾತ್ರ 1824ರಲ್ಲಿ ಅದನ್ನು ಕೈಬಿಟ್ಟು, 10 ಪೌಂಡ್ ನೀರು ಹಿಡಿಸುವಷ್ಟು ಜಾಗವೇ ಗ್ಯಾಲನ್ ಎಂದಿತು. ಹೀಗೆ ಒಂದು 3.785 ಲೀಟರ್, ಇನ್ನೊಂದು 4.546. ಅಳತೆಯ ಜಾಣ್ಮೆಯಲ್ಲಿ ನನ್ನ ಮತ ಇಂಗ್ಲೆಂಡಿಗೆ: ಅವರ ಒಂದು ಔನ್ಸ್ ನೀರು ತೂಗಿದರೂ ಒಂದೇ ಔನ್ಸ್.

ಪಂಚ್ ಮಾಡುವಾಗ ಇದು ಕಾಡುತ್ತದೆ. ಒಂದು ಬಾಟಲಿ ರಮ್ಮಿಗೆ ಎರಡು ಪಿಂಟ್ ಚಹಾ ಎಂದು ಬರೆದಿದ್ದರೆ, ಪುಸ್ತಕ ನ್ಯೂಯಾರ್ಕಿನದಾದರೆ 946 ಮಿಲಿ, ಲಂಡನ್ನಿನದಾದರೆ ಸುಮಾರು 1,137. ವ್ಯತ್ಯಾಸ ನಮ್ಮ ಒಂದು ಕ್ವಾರ್ಟರಿಗಿಂತಲೂ ಹೆಚ್ಚು! ಹಳೆಯ ಅಮೆರಿಕನ್ ಪುಸ್ತಕಗಳ ‘ಫಿಫ್ತ್’ ಮಾತ್ರ ನಿರುಪದ್ರವಿ. ಗ್ಯಾಲನ್ನಿನ ಐದನೇ ಒಂದು ಪಾಲು, 757 ಮಿಲಿ. ನಮ್ಮ 750ರ ಫುಲ್ ಬಾಟಲಿ ಎಂದೇ ಹಿಡಿಯಿರಿ.

ಇನ್ನು ಬೆಂಗಳೂರಿನ ಬಾರಿನಲ್ಲಿ ಪಿಂಟ್ ಕೇಳಿದರೆ ಸಾಮಾನ್ಯವಾಗಿ ಬರುವುದು 330 ಮಿಲಿಯ ಬಿಯರ್ ಬಾಟಲಿ. ಅದೇ ಲೆಕ್ಕದಲ್ಲಿ ಚಹಾ ಅಳೆದು ಪಂಚ್ ಕಲಸಿದರೆ, ಬಂದವರ ನಾಲಿಗೆ ಮೊದಲ ಸುತ್ತಿಗೇ ತೊದಲೀತು.