ಮನೆಯ ಪರದೆಯ ಮುಂದೆ: ಹೊಸ ರಸಿಕರಿಗೊಂದು ಕೈಪಿಡಿ

ಈಚೆಗೆ ಯಾರ ಮನೆಗೆ ಹೋದರೂ ಊಟದ ಮಧ್ಯೆ ಈ ಮಾತು ಬಂದೇ ಬರುತ್ತದೆ: "ನಿನ್ನೆ ರಾತ್ರಿ ಒಂದು ಸಿನಿಮಾ ನೋಡಿದ್ವಿ." ಹೇಗಿತ್ತು ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಎರಡರಲ್ಲಿ ಒಂದು. "ಪರವಾಗಿಲ್ಲ, ಒಂದ್ಸಲ ನೋಡಬಹುದು." ಇಲ್ಲವೇ, "ತುಂಬಾ ಸ್ಲೋ ಕಣ್ರೀ, ಅರ್ಧಕ್ಕೇ ಬಿಟ್ಟೆ." ಈ ಎರಡನೆಯ ತೀರ್ಪು ಬೀಳುವುದು ಬಹುಪಾಲು ನಮ್ಮ ಭಾಷೆಯ ಅತ್ಯುತ್ತಮ ಚಿತ್ರಗಳ ಮೇಲೆ. 'ಘಟಶ್ರಾದ್ಧ', 'ತಬರನ ಕಥೆ', 'ದ್ವೀಪ', 'ಗುಲಾಬಿ ಟಾಕೀಸ್' ಎಲ್ಲಕ್ಕೂ ಇದೇ ಮಾತು. ನನಗೆ ಇದು ನೋವಿನ ಸಂಗತಿ. ಹಾಗೆ ಹೇಳುವವರಲ್ಲಿ ಅಭಿರುಚಿ ಕಡಿಮೆಯೇನೂ ಇಲ್ಲ. ಒಳ್ಳೆಯ ಕಾದಂಬರಿ ಓದುತ್ತಾರೆ, ಸಂಗೀತ ಕೇಳುತ್ತಾರೆ. ಇಂಥ ಚಿತ್ರವನ್ನು ಮನೆಯಲ್ಲಿ ಹೇಗೆ ನೋಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಚಿತ್ರಮಂದಿರದಲ್ಲಿ ನಮ್ಮ ಅರ್ಧ ಕೆಲಸವನ್ನು ಕತ್ತಲೆಯೇ ಮಾಡಿಕೊಡುತ್ತಿತ್ತು. ಟಿಕೆಟ್ಟಿಗೆ ದುಡ್ಡು ಕೊಟ್ಟಾಗಿದೆ, ಎದ್ದರೆ ಸಾಲಿನಲ್ಲಿದ್ದವರ ಕಾಲು ತುಳಿದು ಹೊರಗೆ ಬರಬೇಕು, ಹಾಗಾಗಿ ಕೂತಿರುತ್ತಿದ್ದೆವು. ಕೂತಿದ್ದರಿಂದಲೇ ಎಷ್ಟೋ ಚಿತ್ರಗಳು ಮುಕ್ಕಾಲು ಗಂಟೆ ಕಳೆದ ಮೇಲೆ ನಮ್ಮನ್ನು ಹಿಡಿದುಕೊಂಡವು. ಮನೆಯಲ್ಲಿ ಆ ಕಟ್ಟುಪಾಡನ್ನು ನಾವೇ ತಂದುಕೊಳ್ಳಬೇಕು. ಅಡುಗೆ, ಊಟ ಮುಗಿದ ಮೇಲೆ ಶುರು ಮಾಡಿ. ದೀಪ ಆರಿಸಿ. ಫೋನನ್ನು ಬೇರೆ ಕೋಣೆಯಲ್ಲಿಡಿ. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪಾಗಿಸುವ ಒಂದು ಸೆಟಿಂಗ್ ಇರುತ್ತದೆ. ಅದು ಚಾಲೂ ಇದ್ದರೆ ಎಂಥ ಸಿನಿಮಾವೂ ಧಾರಾವಾಹಿಯಂತೆ ಕಾಣುತ್ತದೆ, ಅದನ್ನು ಆರಿಸಿ. ಹಳೆಯ ಕಪ್ಪುಬಿಳುಪು ಚಿತ್ರದ ಚೌಕಟ್ಟು ಇಂದಿನ ಟಿವಿಯಷ್ಟು ಅಗಲವಾಗಿರುವುದಿಲ್ಲ, ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ. ಪರದೆ ತುಂಬಲಿ ಎಂದು ಅದನ್ನು ಎಳೆದರೆ ಮುಖಗಳೆಲ್ಲ ಚಪ್ಪಟೆಯಾಗುತ್ತವೆ. ಪಟ್ಟಿ ಇರಲಿ ಬಿಡಿ.

ಇನ್ನೊಂದು ಮಾತು. ನಿಮಗೆ ಸಿಕ್ಕ ಪ್ರತಿ ಮಸುಕಾಗಿದ್ದರೆ ಆ ದೋಷವನ್ನು ಚಿತ್ರದ ಮೇಲೆ ಹೊರಿಸಬೇಡಿ. 'ಘಟಶ್ರಾದ್ಧ'ವನ್ನು ಅನೇಕರು ವರ್ಷಗಟ್ಟಲೆ ನೋಡಿದ್ದು ಕಲೆಗಟ್ಟಿದ, ಗೊರಗೊರ ಸದ್ದಿನ ಪ್ರತಿಗಳಲ್ಲಿ. ಅದನ್ನು ಈಗ ಜೀರ್ಣೋದ್ಧಾರ ಮಾಡಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಆ ಪ್ರತಿ ಪ್ರದರ್ಶನಗೊಂಡಿತು. ಎಲ್ಲಾದರೂ ಅದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಈಗ ನೋಡುವ ಕೆಲಸಕ್ಕೆ ಬರೋಣ. ಕಥೆ ಮುಂದೆ ಏನಾಗುತ್ತದೆ ಎಂಬ ಪ್ರಶ್ನೆಯೊಂದನ್ನೇ ಹಿಡಿದು ಕೂತರೆ ಇಂಥ ಚಿತ್ರಗಳು ಖಂಡಿತ ನಿಧಾನ ಅನ್ನಿಸುತ್ತವೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಇಟ್ಟುಕೊಳ್ಳಿ: ಇದನ್ನೆಲ್ಲ ನನಗೆ ಯಾರ ಕಣ್ಣಿಂದ ತೋರಿಸುತ್ತಿದ್ದಾರೆ?

'ಘಟಶ್ರಾದ್ಧ'ವನ್ನೇ ತೆಗೆದುಕೊಳ್ಳಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಮೊದಲ ಕಥಾಚಿತ್ರ ಅದು, ಯು.ಆರ್. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ಮಲೆನಾಡಿನ ವೇದಪಾಠಶಾಲೆಗೆ ನಾಣಿ ಎಂಬ ಪುಟ್ಟ ಹುಡುಗ ಬರುತ್ತಾನೆ. ಗುರುಗಳ ಮಗಳು ಯಮುನಕ್ಕ ಚಿಕ್ಕ ವಯಸ್ಸಿನ ವಿಧವೆ. ಮನೆ ಬಿಟ್ಟು ಬಂದ ಹುಡುಗನಿಗೆ ಅವಳೊಬ್ಬಳೇ ಆಸರೆ. ಅವಳು ಬಸುರಿಯಾಗಿದ್ದಾಳೆ. ಊರು ಪಿಸುಗುಡುತ್ತದೆ, ಆಮೇಲೆ ಕೂಗುತ್ತದೆ, ಕೊನೆಗೆ ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಕಥೆ ಇಷ್ಟೇ. ಆದರೆ ಇದರ ಬಹುಭಾಗವನ್ನು ನಾವು ನಾಣಿಯ ಜೊತೆ ನಿಂತು ನೋಡುತ್ತೇವೆ. ದೊಡ್ಡವರ ಮಾತು ಅವನಿಗೆ ಎಷ್ಟು ಅರ್ಥವಾಗುತ್ತದೋ ಅಷ್ಟೇ ನಮಗೂ. ಅವಳಿಗೆ ಏನೋ ಆಗಿದೆ ಎಂದು ಅವನಿಗೆ ಗೊತ್ತು, ಏನು ಎಂದು ಗೊತ್ತಿಲ್ಲ. ಅವಳ ಪಕ್ಕದಲ್ಲಿ ಇರಬೇಕು ಎನ್ನುವುದಷ್ಟೇ ಅವನಿಗೆ ಸ್ಪಷ್ಟ. ಇದೇ ಕಥೆಯನ್ನು ಯಮುನೆಯ ಅಳುವಿನಿಂದ ಹೇಳಿದ್ದರೆ ನಾವು ಮರುಗಿ ಸುಮ್ಮನಾಗುತ್ತಿದ್ದೆವು. ಹುಡುಗನ ಕಣ್ಣಿಂದ ನೋಡಿದಾಗ ನಮಗೂ ಅವನದೇ ಅಸಹಾಯಕತೆ ಅಂಟುತ್ತದೆ. ಆ ನಿಧಾನದ ಕಾರಣ ಇಲ್ಲಿದೆ. ಮಗು ಒಂದು ಮುಖವನ್ನು ಅರ್ಥ ಮಾಡಿಕೊಳ್ಳಲು ಎಷ್ಟು ಹೊತ್ತು ದಿಟ್ಟಿಸುತ್ತದೋ ಚಿತ್ರವೂ ಅಷ್ಟು ಹೊತ್ತು ನಿಲ್ಲುತ್ತದೆ.

ಆಮೇಲೆ ಕಿವಿ. ಮನೆಯಲ್ಲಿ ನೋಡುವವರು ಅತಿ ಹೆಚ್ಚು ಕಳೆದುಕೊಳ್ಳುವುದು ಶಬ್ದವನ್ನು, ಏಕೆಂದರೆ ಟಿವಿಯ ಸಣ್ಣ ಸ್ಪೀಕರು ಮಾತನ್ನಷ್ಟೇ ಗಟ್ಟಿಯಾಗಿ ಕೇಳಿಸುತ್ತದೆ. ಒಬ್ಬರೇ ನೋಡುವುದಾದರೆ ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ. 'ದ್ವೀಪ'ವನ್ನು (2002) ಹಾಗೆ ನೋಡಿದರೆ ಬೇರೆಯೇ ಚಿತ್ರ. ನಾ. ಡಿಸೋಜ ಅವರ ಕಾದಂಬರಿ; ಸೌಂದರ್ಯ ತಾವೇ ನಿರ್ಮಿಸಿ ನಾಗಿಯ ಪಾತ್ರ ಮಾಡಿದರು. ಅಣೆಕಟ್ಟಿನ ನೀರು ಏರುತ್ತಿದೆ, ಊರು ಖಾಲಿಯಾಗುತ್ತಿದೆ, ಒಂದು ಕುಟುಂಬ ಮಾತ್ರ ಜಾಗ ಬಿಡುವುದಿಲ್ಲ. ಚಿತ್ರದ ತುಂಬ ಮಳೆ. ಆರಂಭದಲ್ಲಿ ಕಿವಿಗೆ ಹಿತವಾಗಿದ್ದ ಅದೇ ಮಳೆಯ ಸದ್ದು ಹೋಗ್ತಾ ಹೋಗ್ತಾ ಎದೆ ನಡುಗಿಸುತ್ತದೆ. ಈ ಬದಲಾವಣೆಯನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ, ನೀವೇ ಕೇಳಿಸಿಕೊಳ್ಳಬೇಕು.

'ತಿಥಿ'ಯಲ್ಲಿ (2015) ಹಿನ್ನೆಲೆ ಸಂಗೀತವೇ ಇಲ್ಲ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜೊತೆ ಬರೆದ ಚಿತ್ರ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ಕ್ಯಾಮೆರಾ ಮುಂದೆ ನಿಲ್ಲದವರನ್ನೇ ಹಾಕಿಕೊಂಡು ತೆಗೆದದ್ದು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೆಯ ದಿನ ತಿಥಿ. ಮಗ ಗಡ್ಡಪ್ಪ ಯಾವುದನ್ನೂ ಹಚ್ಚಿಕೊಳ್ಳದೆ ಹೊಲದಲ್ಲಿ ನಡೆಯುತ್ತಿರುತ್ತಾನೆ, ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ, ಮರಿಮಗ ಅಭಿ ಕುರಿ ಕಾಯುವ ಹುಡುಗಿಯ ಹಿಂದೆ. ಸಂಗೀತ ಇಲ್ಲದಿರುವುದರಿಂದ ಇಲ್ಲಿ ನಗು, ಇಲ್ಲಿ ಅಳು ಎಂದು ಯಾರೂ ನಿಮಗೆ ಸೂಚನೆ ಕೊಡುವುದಿಲ್ಲ. ಮೊದಲ ಸಲ ನೋಡುವವರು ಗಡ್ಡಪ್ಪನನ್ನು ನೋಡಿ ನಗುತ್ತಾರೆ, ನಗಬೇಕು ಕೂಡ. ಆದರೆ ಒಂದು ರಾತ್ರಿ ಬೆಂಕಿಯ ಮುಂದೆ ಕೂತು ಅವನು ಕುರಿಗಾಹಿಗಳಿಗೆ ಒಂದು ಕಥೆ ಹೇಳುತ್ತಾನೆ. ಆ ಕಥೆ ಏನೆಂದು ನಾನಿಲ್ಲಿ ಹೇಳುವುದಿಲ್ಲ. ಅಲ್ಲಿಯವರೆಗೆ ಅವನು ನಡೆದ ದಾರಿಯೆಲ್ಲ ಆ ದೃಶ್ಯದ ನಂತರ ಬೇರೆಯಾಗಿ ನೆನಪಾಗುತ್ತದೆ. ಕನ್ನಡದ ಇತ್ತೀಚಿನ ಚಿತ್ರಗಳಲ್ಲಿ ನನಗೆ ಅತಿ ಪ್ರಿಯವಾದ ದೃಶ್ಯ ಅದು. ನಡಿಗೆಯ ದೃಶ್ಯಗಳನ್ನು ಓಡಿಸಿಕೊಂಡು ನೋಡಿದವರಿಗೆ ಅದು ದಕ್ಕುವುದಿಲ್ಲ.

ಮನೆಯಲ್ಲಿ ಕೂತು ನೋಡುವುದರ ಬಗ್ಗೆಯೇ ಒಂದು ಕನ್ನಡ ಚಿತ್ರವಿದೆ. ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008). ವೈದೇಹಿಯವರ ಮೂಲ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ, ಚಿತ್ರದಲ್ಲಿ ಅದರ ಬದಲು ಡಿಶ್ ಆ್ಯಂಟೆನಾದ ಟಿವಿ. ಕರಾವಳಿಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಕಾಲ. ಸೂಲಗಿತ್ತಿ ಗುಲಾಬಿಗೆ ಸಿನಿಮಾದ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಉಳ್ಳವರ ಮನೆಯಿಂದ ಅವಳಿಗೆ ಟಿವಿ ಸಿಗುತ್ತದೆ. ಮುಸ್ಲಿಂ ಹೆಂಗಸಿನ ಮನೆಯೊಳಗೆ ಕಾಲಿಡಲು ಹಿಂಜರಿಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಇದು. ಟಿವಿ ನೋಡುವ ದೃಶ್ಯಗಳಲ್ಲಿ ಅವರ ಮುಖವನ್ನು ಗಮನಿಸಿ. ಪರದೆಯಲ್ಲಿ ಏನು ನಡೆಯುತ್ತಿದೆ ಎಂಬುದಕ್ಕಿಂತ ಅದು ಮುಖ್ಯ. ನನಗೊಂದು ತಕರಾರೂ ಇದೆ. ಊರಿನ ಯುವಕರ ಕೆಲವು ಮಾತುಗಳು ಆ ಹುಡುಗರ ಬಾಯಿಂದ ಬಂದಂತಿಲ್ಲ, ಚಿತ್ರದ ವಾದವನ್ನು ಮುಂದಿಡಲು ಬರೆದಂತಿವೆ. ಉಮಾಶ್ರೀ ಇರುವ ಚೌಕಟ್ಟಿನಲ್ಲಿ ಮಾತ್ರ ಒಂದು ಗಳಿಗೆಯೂ ಹಾಗನ್ನಿಸುವುದಿಲ್ಲ.

ಹೀಗೆ ತಕರಾರು ಹೇಳುವುದೂ ರಸಿಕತನದ ಭಾಗ. ಪ್ರಶಸ್ತಿ ಬಂದ ಚಿತ್ರ ಎಂದು ತಲೆಬಾಗಬೇಕಿಲ್ಲ. ನಿಮ್ಮ ಅಭಿಪ್ರಾಯಕ್ಕೆ ಚಿತ್ರದೊಳಗಿನ ಒಂದು ದೃಶ್ಯವನ್ನು ಸಾಕ್ಷಿಯಾಗಿ ತನ್ನಿ, ಸಾಕು. "ಬೋರು" ಎಂದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. 'ತಬರನ ಕಥೆ' ನೋಡಿ "ಪಿಂಚಣಿಗಾಗಿ ಅಲೆಯುವ ಆ ಕಚೇರಿಯ ದೃಶ್ಯ ಮತ್ತೆ ಮತ್ತೆ ಬಂತು, ಮೂರನೆಯ ಸಲ ನನಗೆ ಹೊಸದೇನೂ ಸಿಗಲಿಲ್ಲ" ಎಂದರೆ ಎದುರಿನವರು ಉತ್ತರ ಕೊಡಬಹುದು. ಆ ಪುನರಾವರ್ತನೆಯೇ ತಬರನ ಬದುಕು ಎನ್ನಬಹುದು. ಇಂಥ ಮಾತುಕತೆಗೆ ನಮ್ಮಲ್ಲೇ ಮಾದರಿಯಿದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ ಹಳ್ಳಿಯ ಜನರಿಗೆ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸಿದರು, ರಸಗ್ರಹಣ ಶಿಬಿರಗಳನ್ನು ನಡೆಸಿದರು. ಒಟ್ಟಿಗೆ ನೋಡುವುದಕ್ಕೆ ಎಷ್ಟು ಬೆಲೆಯೋ ನೋಡಿದ ಮೇಲೆ ಕೂತು ಮಾತಾಡುವುದಕ್ಕೂ ಅಲ್ಲಿ ಅಷ್ಟೇ ಬೆಲೆ. ಮನೆಯಲ್ಲಿ ನಾವು ಕಳೆದುಕೊಂಡಿರುವುದು ಈ ಎರಡನೆಯದನ್ನು. ಚಿತ್ರ ಮುಗಿದು ಹೆಸರುಗಳು ಬರುತ್ತಿರುವಾಗಲೇ ಮುಂದಿನದರ ಪೋಸ್ಟರ್ ಪರದೆಯ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿಗೆ ಟಿವಿ ಆರಿಸಿಬಿಡಿ.

ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ, 'ತಿಥಿ'ಯಿಂದ ಎನ್ನುತ್ತೇನೆ. ನಗು ಇದೆ, ಮಂಡ್ಯದ ಮಾತಿನ ಸೊಗಸಿದೆ. ಆಮೇಲೆ 'ಗುಲಾಬಿ ಟಾಕೀಸ್', 'ದ್ವೀಪ'. 'ಘಟಶ್ರಾದ್ಧ' ಕೊನೆಗಿರಲಿ. ಮನೆಯಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಹಿರಿಯರಿದ್ದರೆ 'ತಬರನ ಕಥೆ'ಯನ್ನು (1986) ಅವರ ಜೊತೆ ಕೂತು ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಪಿಂಚಣಿಗಾಗಿ ಅಲೆಯುವ ತಬರನಾಗಿ ಚಾರುಹಾಸನ್, ಮನೆಯಲ್ಲಿ ಕಾಲು ಕೊಳೆಯುತ್ತಾ ಮಲಗಿದ ಹೆಂಡತಿ. ಮುಗಿದ ಮೇಲೆ ನೀವು ಏನೂ ಹೇಳಬೇಡಿ. ಅವರು ಏನು ಹೇಳುತ್ತಾರೆ ಎಂದು ಮೊದಲು ಕೇಳಿ.